ನೀರಿನಡಿಯಲ್ಲಿ ಉಸಿರಿನ ಲೆಕ್ಕ

ಮುಂಬಯಿಯಲ್ಲಿ ಬಾಳುವವನಿಗೆ ಲೆಕ್ಕವಿಡುವ ವಿದ್ಯೆ ತಾನಾಗಿಯೇ ಬರುತ್ತದೆ. ನಲ್ಲಿಯಲ್ಲಿ ನೀರು ಬರುವ ಹೊತ್ತನ್ನು ಲೆಕ್ಕವಿಡುತ್ತೇವೆ. ಖೋಲಿಯ ಚದರಡಿಗಳನ್ನು ಲೆಕ್ಕವಿಡುತ್ತೇವೆ. ಈ ಲೋಕಲು ತಪ್ಪಿದರೆ ಮುಂದಿನದು ಎಷ್ಟು ನಿಮಿಷಕ್ಕೆ, ಅದರಲ್ಲಿ ಕಾಲಿಡಲು ಎಡೆ ಉಂಟೇ ಇಲ್ಲವೇ ಎಂಬುದನ್ನೂ ಲೆಕ್ಕವಿಡುತ್ತೇವೆ. ಆದರೆ ಹುಟ್ಟಿದ ಗಳಿಗೆಯಿಂದ ಹಗಲಿರುಳೆನ್ನದೆ ವೆಚ್ಚಮಾಡುತ್ತ ಬಂದಿರುವ ಒಂದು ವಸ್ತುವಿನ ಲೆಕ್ಕವನ್ನು ಮಾತ್ರ ನಮ್ಮಲ್ಲಿ ಯಾರೂ ಇಟ್ಟಿಲ್ಲ. ಅದು ಗಾಳಿ. ಅದಕ್ಕೆ ಪಡಿತರ ಚೀಟಿಯಿಲ್ಲ, ಸರದಿಯಿಲ್ಲ, ತಿಂಗಳ ಕೊನೆಯ ಕಳವಳವಿಲ್ಲ. ನಾನಾದರೂ ನನ್ನ ನಲವತ್ತಮೂರನೆಯ ವಯಸ್ಸಿನವರೆಗೆ ಅದನ್ನು ಲೆಕ್ಕಿಸಬೇಕಾದೀತೆಂದು ಕನಸಿನಲ್ಲಿಯೂ ಎಣಿಸಿದವನಲ್ಲ.

ಈ ಶಾಲೆಯ ಹಳೆಯ ವಿದ್ಯಾರ್ಥಿಯೆಂಬ ಸಲುಗೆಯಿಂದ ಸಂಪಾದಕ ಅಧ್ಯಾಪಕರು ವಾರ್ಷಿಕ ಸಂಚಿಕೆಗೆ ಏನನ್ನಾದರೂ ಬರೆದುಕೊಡಿರೆಂದು ಕೇಳಿದಾಗ, ಪ್ರವಾಸದ ವರ್ಣನೆಯನ್ನು ಬರೆಯಲೋ, ಕನ್ನಡದ ಸ್ಥಿತಿಗತಿಗಳನ್ನು ಕುರಿತು ಬರೆಯಲೋ ಎಂದು ಕೆಲವು ದಿನ ಯೋಚಿಸಿದೆ. ಅವೆರಡನ್ನೂ ನನಗಿಂತ ಚೆನ್ನಾಗಿ ಬರೆಯಬಲ್ಲವರಿದ್ದಾರೆ. ಆದುದರಿಂದ ಪ್ರಿಯ ವಿದ್ಯಾರ್ಥಿಗಳೇ, ನಿಮ್ಮ ವಿಜ್ಞಾನದ ಪುಸ್ತಕದಲ್ಲಿ ನೀವು ಓದಿ ಮರೆಯುವ ಒಂದು ನಿಯಮವು ಅರಬ್ಬೀ ಸಮುದ್ರದ ಅಡಿಯಲ್ಲಿ ನನಗೆ ಹೇಗೆ ಅರ್ಥವಾಯಿತೆಂಬುದನ್ನು ಹೇಳುವೆನು.

ನನ್ನ ಕಚೇರಿಯಲ್ಲಿ ಧಾರವಾಡದ ಕಡೆಯ ತರುಣನೊಬ್ಬನಿದ್ದಾನೆ. ಮೈಯಲ್ಲಿ ಕಸುವುಳ್ಳವನು, ಕುಸ್ತಿಯ ಮಣ್ಣನ್ನು ಕಂಡವನು. ಸಮುದ್ರದಲ್ಲಿ ಮುಳುಗುವ ವಿದ್ಯೆಯನ್ನು ಕಲಿಯಬೇಕೆಂಬ ಹುಚ್ಚು ಮೊದಲು ಹಿಡಿದದ್ದು ಅವನಿಗೆ; ಒಬ್ಬನೇ ಹೋಗಲಾರದೆ ನನ್ನನ್ನೂ ಎಳೆದುಕೊಂಡನು. ಈ ವಿದ್ಯೆಯಲ್ಲಿ ಒಬ್ಬನೇ ಇಳಿಯುವುದು ಹೊಸಬರಿಗೆ ನಿಷಿದ್ಧವೆಂದೂ, ಪ್ರತಿಯೊಬ್ಬನಿಗೂ ಒಬ್ಬ ಜೊತೆಗಾರನು ಬೇಕೇಬೇಕೆಂದೂ ಆಮೇಲೆ ತಿಳಿಯಿತು. ನಗರದ ಒಂದು ಈಜುಕೊಳದಲ್ಲಿ ಕೆಲವು ದಿನ ಅಭ್ಯಾಸ ಮಾಡಿದೆವು. ಬಳಿಕ ಮುರುಡೇಶ್ವರಕ್ಕೆ ಹೋಗಿ, ಅಲ್ಲಿಂದ ಕಡಲಿನೊಳಗೆ ಸುಮಾರು 19 ಕಿಲೋಮೀಟರು ದೂರದಲ್ಲಿರುವ ನೇತ್ರಾಣಿ ದ್ವೀಪದ ಬಳಿ ನಾಲ್ಕು ಬಾರಿ ಮುಳುಗಿದೆವು. ಮಳೆಗಾಲದಲ್ಲಿ ಆ ಕಡೆ ದೋಣಿ ಹೋಗುವುದಿಲ್ಲ. ನಾವು ಹೋದದ್ದು ಡಿಸೆಂಬರಿನಲ್ಲಿ. ಚೌಪಾಟಿಯ ಕಲಕುನೀರನ್ನೇ ಸಮುದ್ರವೆಂದು ತಿಳಿದು ಬೆಳೆದ ನಮ್ಮಂಥವರಿಗೆ ಅಲ್ಲಿಯ ನೀರು ನಿಜವಾಗಿಯೂ ಗಾಜಿನಂತೆ ಕಂಡಿತು.

ನಮಗೆ ಕಲಿಸಿದ ಗುರುಗಳು ಕುಂದಾಪುರದ ಕಡೆಯವರು, ವಯಸ್ಸಿನಲ್ಲಿ ನನಗಿಂತ ಎಷ್ಟೋ ಚಿಕ್ಕವರು. ಮೊದಲನೆಯ ದಿನ ಅವರು ಹೇಳಿದ ಮಾತು ಇದು: “ನೀರಿನಡಿ ನೀವು ಮಾಡಬೇಕಾದ ಕೆಲಸ ಒಂದೇ ಉಂಟು ಸರ್. ಉಸಿರಾಡುತ್ತಾ ಇರುವುದು. ಉಸಿರು ಕಟ್ಟಬಾರದು. ಮೀನು ನೋಡುವುದೆಲ್ಲ ಆಮೇಲೆ.” ಇಷ್ಟು ಸುಲಭದ ಕೆಲಸವನ್ನು ಹೇಳಿಕೊಡಲು ಶುಲ್ಕವೇಕೆ ಎಂದು ನನ್ನ ಜೊತೆಗಾರನು ನಕ್ಕನು.

ಬೆನ್ನಿಗೆ ಕಟ್ಟಿಕೊಳ್ಳುವ ಸಿಲಿಂಡರನ್ನು ನಮ್ಮ ಪತ್ರಿಕೆಗಳು ಆಮ್ಲಜನಕದ ಸಿಲಿಂಡರೆಂದೇ ಬರೆಯುತ್ತವೆ. ಅದು ತಪ್ಪು. ಅದರಲ್ಲಿರುವುದು ನಾವು ನೀವು ಸೇವಿಸುವ ಈ ಗಾಳಿಯೇ. ಐದರಲ್ಲಿ ಸುಮಾರು ಒಂದು ಪಾಲು ಆಮ್ಲಜನಕ, ಉಳಿದದ್ದು ಬಹುಮಟ್ಟಿಗೆ ಸಾರಜನಕ. ಅದನ್ನು ಯಂತ್ರದಿಂದ ಒತ್ತಿ ಒತ್ತಿ ತುಂಬಿರುತ್ತಾರೆ, ಅಷ್ಟೇ. ಶುದ್ಧ ಆಮ್ಲಜನಕವನ್ನು ಸೇವಿಸುತ್ತ ಆರು ಮೀಟರಿಗಿಂತ ಆಳಕ್ಕೆ ಇಳಿದರೆ ಅದೇ ವಿಷವಾಗಿ ಸೆಳವು ಬರುವ ಭಯವುಂಟು. ನಮ್ಮ ಸಿಲಿಂಡರು ಸುಮಾರು 11 ಲೀಟರು ನೀರು ಹಿಡಿಯುವಷ್ಟು ದೊಡ್ಡದು. ಅದರಲ್ಲಿ 200 ಬಾರ್ ಒತ್ತಡದಲ್ಲಿ ಗಾಳಿಯನ್ನು ತುಂಬಿದರೆ, ಹೊರಗಿನ ಗಾಳಿಯ ಲೆಕ್ಕದಲ್ಲಿ ಅದು 2200 ಲೀಟರು. ಬಾರ್ ಎಂದರೆ ಹೆಚ್ಚುಕಡಮೆ ನಮ್ಮ ತಲೆಯ ಮೇಲಿರುವ ವಾಯುಮಂಡಲದ ಒತ್ತಡ. ಅದರ ಇನ್ನೂರು ಪಟ್ಟನ್ನು ಆ ಲೋಹದ ಗಡಿಗೆಯಲ್ಲಿ ಅದುಮಿಟ್ಟಿರುತ್ತಾರೆ.

ಅಷ್ಟು ಒತ್ತಡದ ಗಾಳಿಯನ್ನು ನೇರವಾಗಿ ಬಾಯಿಗೆ ಬಿಟ್ಟರೆ ಮನುಷ್ಯನು ಉಳಿಯಲಾರನು. ಬಿಡದಿದ್ದರೂ ಉಳಿಯಲಾರನು! ಈ ತೊಡಕನ್ನು ಬಿಡಿಸಿದ ಕಥೆಯು ಸ್ವಾರಸ್ಯವಾಗಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಫ್ರಾನ್ಸಿನಲ್ಲಿ ಪೆಟ್ರೋಲಿಗೆ ಅಭಾವವುಂಟಾಗಿ ಮೋಟಾರುಗಳನ್ನು ಅನಿಲದಿಂದ ಓಡಿಸಬೇಕಾಯಿತು. ಎಂಜಿನು ಕೇಳಿದಷ್ಟೇ ಅನಿಲವನ್ನು ಒದಗಿಸುವ ಒಂದು ಕವಾಟವನ್ನು ಎಮಿಲ್ ಗಾನ್ಯಾನ್ ಎಂಬ ಎಂಜಿನಿಯರು ರೂಪಿಸಿದ್ದನು. ನೌಕಾದಳದ ಅಧಿಕಾರಿಯಾಗಿದ್ದ ಜಾಕ್ ಕುಸ್ತೋ ಅವನನ್ನು ಕಂಡು, ಮೋಟಾರಿನ ಬದಲು ಮನುಷ್ಯನಿಗೆ ಅಂಥದೇ ಕವಾಟವು ಬೇಕೆಂದನು. ಇಬ್ಬರೂ ಸೇರಿ 1943ರಲ್ಲಿ ಸಿದ್ಧಪಡಿಸಿದ ಸಾಧನವೇ ಇಂದು ನಾವು ಬಾಯಲ್ಲಿ ಕಚ್ಚಿಕೊಳ್ಳುವ ರೆಗ್ಯುಲೇಟರಿನ ಹಿರಿಯಜ್ಜ. ನಾವು ಉಸಿರನ್ನು ಎಳೆದಾಗ ಮಾತ್ರ ಅದು ಗಾಳಿಯನ್ನು ಕೊಡುತ್ತದೆ; ಅದಕ್ಕಿಂತ ಹೆಚ್ಚಿನ ಚಮತ್ಕಾರವೆಂದರೆ, ನಾವಿರುವ ಆಳದಲ್ಲಿ ನೀರಿನ ಒತ್ತಡವೆಷ್ಟೋ ಅಷ್ಟೇ ಒತ್ತಡದ ಗಾಳಿಯನ್ನು ಕೊಡುತ್ತದೆ.

ಇದೇಕೆ ಅಗತ್ಯವೆಂದರೆ, ಊರಿನ ಕೆರೆಯಲ್ಲಿ ಹುಡುಗರು ಪಪ್ಪಾಯಿ ಎಲೆಯ ಟೊಳ್ಳು ದಂಟನ್ನು ಬಾಯಲ್ಲಿಟ್ಟುಕೊಂಡು ಮುಳುಗುವ ಆಟವನ್ನು ನೆನೆಯಿರಿ. ಒಂದು ಗೇಣು ಆಳದಲ್ಲಿ ಅದು ನಡೆಯುತ್ತದೆ. ದಂಟನ್ನು ಎಷ್ಟೇ ಉದ್ದ ಮಾಡಿಕೊಂಡರೂ ಒಂದು ಮೀಟರು ಆಳಕ್ಕೆ ಹೋದರೆ ನಡೆಯುವುದಿಲ್ಲ. ನೀರು ಎದೆಯನ್ನು ಒತ್ತಿ ಹಿಡಿಯುವುದರಿಂದ ಪುಪ್ಪುಸಗಳನ್ನು ಹಿಗ್ಗಿಸಲು ನಮ್ಮ ಸ್ನಾಯುಗಳಿಗೆ ಶಕ್ತಿ ಸಾಲದು. ಈ ಪ್ರಯೋಗವನ್ನು ದಯವಿಟ್ಟು ಯಾರೂ ಬಾವಿಯಲ್ಲಿ ಮಾಡಿ ನೋಡಬೇಡಿರಿ. ರನ್ನನ ದುರ್ಯೋಧನನಿಗೆ ಸರೋವರದಲ್ಲಿ ಅಡಗಲು ಜಲಮಂತ್ರವಿತ್ತು. ಮಂತ್ರವಿಲ್ಲದ ನಮಗೆ ಕವಾಟವೇ ಗತಿ.

ಇನ್ನು ಲೆಕ್ಕಕ್ಕೆ ಬರುವೆನು. ಅನಿಲದ ಮೇಲಿನ ಒತ್ತಡವು ಇಮ್ಮಡಿಯಾದರೆ ಅದರ ಗಾತ್ರವು ಅರ್ಧವಾಗುತ್ತದೆಂದು ರಾಬರ್ಟ್ ಬಾಯ್ಲನು 1662ರಲ್ಲಿ ಪ್ರಕಟಿಸಿದ ನಿಯಮವನ್ನು ನೀವು ಓದಿದ್ದೀರಿ. ಸಮುದ್ರದಲ್ಲಿ ಹತ್ತು ಮೀಟರು ಇಳಿದರೆ ಒಂದು ವಾಯುಮಂಡಲದಷ್ಟು ಒತ್ತಡವು ಕೂಡಿಕೊಳ್ಳುತ್ತದೆ. ಮೇಲೆ ಒಂದು, ಹತ್ತು ಮೀಟರಿನಲ್ಲಿ ಎರಡು, ಇಪ್ಪತ್ತರಲ್ಲಿ ಮೂರು. ಹಾಗಾದರೆ ಇಪ್ಪತ್ತು ಮೀಟರು ಆಳದಲ್ಲಿ ನಾನು ಎಳೆದುಕೊಳ್ಳುವ ಒಂದೊಂದು ಉಸಿರಿನಲ್ಲಿಯೂ ದಡದ ಮೂರು ಉಸಿರುಗಳಷ್ಟು ಗಾಳಿಯಿರುತ್ತದೆ. ಎದೆಗೆ ಅದು ತಿಳಿಯುವುದಿಲ್ಲ. ಸಿಲಿಂಡರಿಗೆ ತಿಳಿಯುತ್ತದೆ.

ದೋಣಿಯ ಮೇಲೆ ಕುಳಿತು ನಿಮಿಷಕ್ಕೆ 20 ಲೀಟರು ಗಾಳಿಯನ್ನು ಸೇವಿಸುವವನಿಗೆ ನಮ್ಮ 2200 ಲೀಟರು 110 ನಿಮಿಷ ಬಾಳುತ್ತದೆ. ಹತ್ತು ಮೀಟರಿನಲ್ಲಿ 55 ನಿಮಿಷ. ಇಪ್ಪತ್ತು ಮೀಟರಿನಲ್ಲಿ 36. ಆದರೆ ಪೂರ್ತಿ ಬರಿದುಮಾಡುವ ಹಕ್ಕು ನಮಗಿಲ್ಲ. 50 ಬಾರ್ ಉಳಿದಿರುವಂತೆ ದೋಣಿಯನ್ನು ಸೇರಬೇಕೆಂಬುದು ಎಲ್ಲೆಡೆಯೂ ಕಲಿಸುವ ಪಾಠ. ಆ ಮೀಸಲನ್ನು ಕಳೆದರೆ ವೆಚ್ಚಕ್ಕೆ ಉಳಿಯುವುದು 1650 ಲೀಟರು, ಅಂದರೆ ಇಪ್ಪತ್ತು ಮೀಟರಿನಲ್ಲಿ 27 ನಿಮಿಷ. ಹೊಸಬನು ಗಾಬರಿಯಿಂದಲೂ ಕೈಕಾಲುಗಳನ್ನು ಬಡಿಯುವುದರಿಂದಲೂ 20ರ ಬದಲು 30 ಲೀಟರು ಸೇವಿಸುತ್ತಾನೆ. ಆಗ 18 ನಿಮಿಷ. ದಾದರಿನಿಂದ ಚರ್ಚ್‌ಗೇಟಿಗೆ ಹೋಗುವುದರೊಳಗೆ ಮುಗಿದುಹೋಯಿತು! ಹೊಸಬರನ್ನು 18 ಮೀಟರಿಗಿಂತ ಆಳಕ್ಕೆ ಬಿಡದಿರುವುದರ ಹಿಂದೆ ಈ ಲೆಕ್ಕವೂ ಒಂದು ಕಾರಣವಾಗಿರಬೇಕೆಂದು ನನ್ನ ಎಣಿಕೆ.

ಉಸಿರನ್ನು ಬಿಗಿಹಿಡಿದು ಗಾಳಿಯನ್ನು ಉಳಿತಾಯ ಮಾಡಬಾರದೇ ಎಂದು ನಿಮಗೆ ತೋರಬಹುದು, ನಮಗೂ ತೋರಿತ್ತು. ಉಸಿರಾಡಬೇಕೆಂಬ ತವಕವನ್ನು ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ, ದೇಹದಲ್ಲಿ ಸೇರಿಕೊಳ್ಳುವ ಇಂಗಾಲದ ಡೈಆಕ್ಸೈಡು. ಉಸಿರನ್ನು ತಡೆದರೂ, ಮೇಲುಮೇಲಕ್ಕೆ ಬೇಗಬೇಗನೆ ಉಸಿರಾಡಿದರೂ ಅದು ಹೆಚ್ಚುತ್ತದೆ; ತಲೆ ನೋಯುತ್ತದೆ, ಗಾಬರಿ ಏರುತ್ತದೆ, ಗಾಬರಿಯಿಂದ ಉಸಿರು ಇನ್ನಷ್ಟು ಬೇಗವಾಗುತ್ತದೆ. ಜಿಪುಣನು ಸಾಲಗಾರನಾಗುವ ಬಗೆ ಇದು. ನಿಧಾನವಾಗಿ ಎಳೆದು, ಎಳೆದುದಕ್ಕಿಂತ ನಿಧಾನವಾಗಿ ಹೊರಬಿಡುವುದೇ ಮಿತವ್ಯಯ. ಇನ್ನುಳಿದ ಉಳಿತಾಯವೆಲ್ಲವೂ ಮೈಯದು. ಕೈಗಳನ್ನು ಆಡಿಸದೆ ಕಟ್ಟಿಕೊಳ್ಳುವುದು. ಕಾಲಿನ ರೆಕ್ಕೆಗಳನ್ನು ಮೆಲ್ಲಗೆ ಬೀಸುವುದು. ಸೊಂಟಕ್ಕೆ ಬೇಕಾದುದಕ್ಕಿಂತ ಹೆಚ್ಚು ಸೀಸವನ್ನು ಕಟ್ಟಿಕೊಳ್ಳದಿರುವುದು. ನಮ್ಮ ಸಂಗಡ ಕಲಿಯುತ್ತಿದ್ದ ಒಬ್ಬ ತೆಳ್ಳನೆಯ ವಿದ್ಯಾರ್ಥಿನಿ ನಮ್ಮಿಬ್ಬರಿಗಿಂತಲೂ ಕಡಿಮೆ ಗಾಳಿಯಲ್ಲಿ ಕೆಲಸ ಮುಗಿಸುತ್ತಿದ್ದಳು. ಕುಸ್ತಿಯ ಮೈಯವನಿಗೆ ಅದು ಸ್ವಲ್ಪ ಇರುಸುಮುರುಸಿನ ಸಂಗತಿಯಾಗಿತ್ತು.

ಇಳಿಯುವ ಮುನ್ನ ಮಾಡುವ ತಪಾಸಣೆಯೂ ಒಂದು ಶಾಸ್ತ್ರ. ಒಬ್ಬರ ಸಿಲಿಂಡರನ್ನು ಇನ್ನೊಬ್ಬರು ನೋಡಬೇಕು. ಕವಾಟವು ತೆರೆದಿದೆಯೆಂದು ಬಾಯಲ್ಲಿ ಹೇಳಿದರೆ ಸಾಲದು. ಒತ್ತಡಮಾಪಕದ ಮುಳ್ಳನ್ನು ನೋಡುತ್ತ ನಾಲ್ಕಾರು ಉಸಿರನ್ನು ಎಳೆಯಬೇಕು. ಪ್ರತಿ ಉಸಿರಿಗೂ ಮುಳ್ಳು ಕುಸಿದು ಮತ್ತೆ ಏರಿದರೆ ಕವಾಟವು ಅರೆಬರೆ ತೆರೆದಿದೆಯೆಂದು ಅರ್ಥ. ದೋಣಿಯ ಮೇಲೆ ಅದು ಗಾಳಿಯನ್ನು ಸಾಕಷ್ಟು ಕೊಟ್ಟೀತು, ಆಳದಲ್ಲಿ ಕೈಕೊಟ್ಟೀತು. ಗಾಳಿಗೆ ಎಣ್ಣೆಯ ಅಥವಾ ಹೊಗೆಯ ವಾಸನೆಯಿದ್ದರೆ ಆ ಸಿಲಿಂಡರನ್ನು ಬಿಟ್ಟುಬಿಡಬೇಕು. ಹಿಂದಿನವರಿಗೆ ಈ ಮಾಪಕದ ಭಾಗ್ಯವಿರಲಿಲ್ಲ. 1950ರ ದಶಕದಲ್ಲಿ ಉಸಿರು ಬಿಗಿಯಾಗತೊಡಗಿದಾಗಲೇ ಗಾಳಿ ತೀರುತ್ತಿದೆಯೆಂದು ತಿಳಿಯುತ್ತಿತ್ತು. ಆಗ ಬೆನ್ನ ಹಿಂದಿನ ಒಂದು ಸಲಾಕೆಯನ್ನು ಎಳೆದರೆ ಸ್ವಲ್ಪ ಮೀಸಲು ಗಾಳಿ ಬಿಡುಗಡೆಯಾಗುತ್ತಿತ್ತು. ಆ ಸಲಾಕೆ ಎಲ್ಲಿಯೋ ತಗಲಿ ಮೊದಲೇ ಜಾರಿದ್ದರೆ ಎಳೆದವನಿಗೆ ಏನೂ ಬರುತ್ತಿರಲಿಲ್ಲ. ಅವರ ಧೈರ್ಯಕ್ಕೆ ನಮಸ್ಕಾರ. ನನಗೆ ಮಾಪಕವೇ ಇರಲಿ.

ನಮ್ಮ ಮೂರನೆಯ ಮುಳುಗು 15 ಮೀಟರು ಆಳದಲ್ಲಿ. ಹತ್ತನೆಯ ನಿಮಿಷದಲ್ಲಿ ಎರಡು ಬೆರಳುಗಳನ್ನು ಅಂಗೈಯ ಮೇಲಿಟ್ಟು ಜೊತೆಗಾರನನ್ನು ಕೇಳಿದೆ. ಎಷ್ಟು ಗಾಳಿಯಿದೆ ಎಂಬುದಕ್ಕೆ ಅದು ನಮ್ಮ ಸಂಜ್ಞೆ. ಅವನದು 130, ನನ್ನದು 155. ಅಷ್ಟರಲ್ಲಿ ಬಂಡೆಯ ಮರೆಯಿಂದ ಒಂದು ಕಡಲಾಮೆ ಹೊರಟಿತು. ಎಷ್ಟು ಗಂಭೀರವಾದ ನಡಿಗೆ! ಯಾವ ಅವಸರವೂ ಇಲ್ಲದೆ, ರೆಕ್ಕೆಯಂಥ ಕೈಗಳನ್ನು ಎರಡು ಬಾರಿ ಬೀಸಿ, ಅದು ಸೆಳವಿಗೆ ಎದುರಾಗಿ ಸಾಗಿತು. ಅವನು ಅದರ ಬೆನ್ನುಹತ್ತಿದನು. ಅವನನ್ನು ಬಿಡಲಾಗದೆ ನಾನೂ ಹಿಂದೆ ಹೋದೆ. ಆಮೆಗೆ ಸೆಳವು ಲೆಕ್ಕಕ್ಕಿಲ್ಲ. ಅವನಿಗೆ ಅದು ಗಟ್ಟಿಯಾದ ಎದುರಾಳಿ. ಕುಸ್ತಿಗೆ ಇಳಿದವನಂತೆ ಕಾಲುಗಳನ್ನು ಬಡಿದನು. ಅವನ ಬಾಯಿಂದ ಏಳುವ ಗುಳ್ಳೆಗಳು ಒಂದರ ಬಾಲವನ್ನು ಒಂದು ಹಿಡಿದು ಎಡೆಬಿಡದೆ ಮೇಲೇರುತ್ತಿದ್ದವು. ಹದಿನೇಳನೆಯ ನಿಮಿಷದಲ್ಲಿ ಅವನ ಭುಜವನ್ನು ತಟ್ಟಿ ಮತ್ತೆ ಬೆರಳುಗಳನ್ನು ಅಂಗೈಯ ಮೇಲಿಟ್ಟೆ. ಅವನು ಮಾಪಕವನ್ನು ನೋಡಿಕೊಂಡನು. ಮುಖವಾಡದ ಗಾಜಿನ ಹಿಂದೆ ಅವನ ಕಣ್ಣುಗಳು ಅಷ್ಟು ದೊಡ್ಡದಾದುದನ್ನು ನಾನು ಹಿಂದೆ ಕಂಡಿರಲಿಲ್ಲ. ಮುಳ್ಳು ಕೆಂಪು ಪಟ್ಟಿಯೊಳಗೆ, 45ರಲ್ಲಿತ್ತು. ಏಳೇ ನಿಮಿಷಗಳಲ್ಲಿ 85 ಬಾರ್ ಹೋಗಿತ್ತು.

ಅವನು ತಲೆಯೆತ್ತಿ ಬೆಳಕಿನ ಕಡೆ ನೋಡಿದನು. ಅನಂತರ ಉಸಿರನ್ನು ಒಳಕ್ಕೆ ಎಳೆದು, ಹಾಗೆಯೇ ಕಟ್ಟಿ, ಮೇಲಕ್ಕೆ ಹಾರಲು ಕಾಲನ್ನು ಮಡಿಸಿದನು. ಗುಳ್ಳೆಗಳು ನಿಂತುಹೋದವು. ಆ ಗುಳ್ಳೆಗಳು ನಿಂತದ್ದು ನನಗೆ ಮುಳ್ಳಿಗಿಂತ ಹೆಚ್ಚಿನ ಭಯವನ್ನುಂಟುಮಾಡಿತು. ಅದೇಕೆಂದರೆ, 15 ಮೀಟರಿನಲ್ಲಿ ತುಂಬಿಕೊಂಡ ಎದೆಯ ಗಾಳಿಯು ಮೇಲೆ ಬರುವಷ್ಟರಲ್ಲಿ ಎರಡೂವರೆ ಪಟ್ಟು ಹಿಗ್ಗುತ್ತದೆ. ಬಾಯಿ ಬಿಟ್ಟು ಉಸಿರನ್ನು ಬಿಡುತ್ತ ಏರಿದವನಿಗೆ ಅದು ತಾನಾಗಿ ಹೊರಹೋಗುತ್ತದೆ. ಕಟ್ಟಿಕೊಂಡು ಏರಿದವನ ಪುಪ್ಪುಸಗಳು ಹರಿದು, ಗಾಳಿಯು ರಕ್ತವನ್ನು ಸೇರಿ ಪ್ರಾಣಕ್ಕೇ ಸಂಚಕಾರ ಬರಬಹುದು. ನಾನು ಅವನ ಅಂಗಿಯ ಪಟ್ಟಿಯನ್ನು ಎಡಗೈಯಲ್ಲಿ ಬಿಗಿಯಾಗಿ ಹಿಡಿದು, ಬಲಗೈಯ ಲೋಹದ ಬಳೆಯಿಂದ ನನ್ನ ಸಿಲಿಂಡರನ್ನು ಬಡಿದೆ. ನೀರಿನಲ್ಲಿ ಸದ್ದು ಗಾಳಿಗಿಂತ ಚೆನ್ನಾಗಿ ಓಡುತ್ತದೆ. ಗುರುಗಳು ತಿರುಗಿದರು.

ಅವರು ಬಂದ ರೀತಿಯನ್ನು ನಾನು ಮರೆಯುವಂತಿಲ್ಲ. ಅವಸರವಿರಲಿಲ್ಲ, ಹೆಚ್ಚುಕಡಮೆ ಆ ಆಮೆಯಂತೆಯೇ ಬಂದರು. ಪ್ರತಿಯೊಬ್ಬ ಮುಳುಗುಗಾರನ ಸಿಲಿಂಡರಿಗೂ ಹಳದಿ ಬಣ್ಣದ ಎರಡನೆಯ ಬಾಯಿತುಂಡು ಇರುತ್ತದೆ. ಅದು ತನಗಲ್ಲ, ಜೊತೆಗಾರನಿಗೆ. ಗುರುಗಳು ತಮ್ಮದನ್ನು ಅವನ ಬಾಯಿಗೆ ಕೊಟ್ಟು, ಅವನ ಕೈಯನ್ನು ಹಿಡಿದು, ಅವನ ಕಣ್ಣನ್ನೇ ನೋಡುತ್ತ ತಮ್ಮ ಇನ್ನೊಂದು ಕೈಯನ್ನು ಎದೆಯಿಂದ ಹೊರಕ್ಕೆ ಮೆಲ್ಲಗೆ ಆಡಿಸಿದರು. ಬಿಡು, ಬಿಡು ಎಂದು ಅದರ ಅರ್ಥ. ಗುಳ್ಳೆಗಳು ಮತ್ತೆ ಹೊರಟವು. ಆಮೇಲೆ ಎಲ್ಲರೂ ಹೆಬ್ಬೆರಳನ್ನು ಮೇಲಕ್ಕೆತ್ತಿದೆವು. ನೀರಿನಡಿ ಅದು ಭೇಷ್ ಎಂಬುದಕ್ಕಲ್ಲ, ಮೇಲೇರೋಣವೆಂಬುದಕ್ಕೆ ಸಂಜ್ಞೆ. ನಿಮಿಷಕ್ಕೆ 9 ಮೀಟರನ್ನು ಮೀರದಂತೆ ಏರಿ, 5 ಮೀಟರಿನಲ್ಲಿ ಮೂರು ನಿಮಿಷ ನಿಂತೆವು. ರಕ್ತದಲ್ಲಿ ಕರಗಿದ ಸಾರಜನಕವು ಮೆಲ್ಲಗೆ ಹೊರಬರಲೆಂದು ಈ ನಿಲುಗಡೆ. ನನ್ನ ಬಾಳಿನಲ್ಲಿ ಅಷ್ಟು ಉದ್ದವಾದ ಮೂರು ನಿಮಿಷಗಳನ್ನು ನಾನು ಕಂಡಿಲ್ಲ.

ದೋಣಿಯ ಮೇಲೆ ಬಹಳ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಅವನೇ ಹೇಳಿದನು: “ಮುಳ್ಳು ಕೆಂಪಿನಾಗ ಕಂಡ ಕೂಡಲೇ ತಲಿಯೊಳಗ ಮ್ಯಾಲ ಹೋಗೂದೊಂದ ಉಳೀತು ನೋಡ್ರಿ ಸರ. ಕಲಿತದ್ದೆಲ್ಲಾ ಎಲ್ಲಿ ಹೋತೋ ಏನೋ.”

ಗುರುಗಳು ಅವನಿಗೆ ಬಿಸಿ ಚಹಾವನ್ನು ಕೊಟ್ಟು ಹೇಳಿದರು: “ನಲವತ್ತೈದು ಇತ್ತಲ್ಲ ಮಾರಾಯ್ರೆ. ಕಡಿಮೆ ಹೌದು, ಇಲ್ಲವೆಂದಲ್ಲ. ನೂರಕ್ಕೆ ಬಂದಾಗ ನನಗೆ ಹೇಳಬೇಕಿತ್ತು. ನೂರರಲ್ಲಿ ಹೆದರಿಕೆ ಇರುವುದಿಲ್ಲ, ತಲೆ ಕೆಲಸ ಮಾಡುತ್ತದೆ.”

ಮುಂಬಯಿಗೆ ಹಿಂದಿರುಗುವ ರೈಲಿನಲ್ಲಿ ನನಗೆ ಒಂದು ಸಂದೇಹವು ಕಾಡಿತು. ಆ 50 ಬಾರ್ ಎಂಬ ಅಂಕಿ ಎಲ್ಲಿಂದ ಬಂತು? ನಲವತ್ತೇಕಾಗದು, ಅರವತ್ತೇಕಲ್ಲ? ತಿಂಡಿಯ ಪೊಟ್ಟಣದ ಕಾಗದದ ಮೇಲೆ ಲೆಕ್ಕ ಹಾಕಿದೆ. 15 ಮೀಟರು ಆಳದಲ್ಲಿ ಒಬ್ಬನ ಗಾಳಿ ಪೂರ್ತಿ ಮುಗಿಯಿತೆನ್ನಿ. ಒಂದೇ ಸಿಲಿಂಡರಿನಿಂದ ಇಬ್ಬರೂ ಏರಬೇಕು. ಸಮಾಧಾನಿಯು ನಿಮಿಷಕ್ಕೆ 20 ಲೀಟರು, ಹೆದರಿದವನು 40, ಒಟ್ಟು 60. ಏರಲು ಎರಡು ನಿಮಿಷ, ದಾರಿಯುದ್ದಕ್ಕೂ ಸರಾಸರಿ ಒತ್ತಡ ಒಂದೂಮುಕ್ಕಾಲು. ಅಲ್ಲಿಗೆ 210 ಲೀಟರು. 5 ಮೀಟರಿನ ನಿಲುಗಡೆ ಮೂರು ನಿಮಿಷ, ಒತ್ತಡ ಒಂದೂವರೆ, ಅಲ್ಲಿಗೆ 270. ಎರಡೂ ಸೇರಿ 480 ಲೀಟರು. ನಮ್ಮ ಸಿಲಿಂಡರಿನಲ್ಲಿ 50 ಬಾರ್ ಎಂದರೆ 550 ಲೀಟರು. ನಾನು ಆ ಕಾಗದವನ್ನು ಜೊತೆಗಾರನ ಮುಂದೆ ಹಿಡಿದೆ. ನಾವು ನಮ್ಮದೆಂದು ತಿಳಿದಿದ್ದ ಮೀಸಲಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಇನ್ನೊಬ್ಬನದಾಗಿತ್ತು. ಅವನು ಎರಡು ಸಲ ಕೂಡಿಸಿ ನೋಡಿ, ಕಾಗದವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡನು.

ನಾಲ್ಕನೆಯ ಮುಳುಗಿನ ವಿಷಯವನ್ನು ಹೇಳಲು ಮರೆತೆನೆನ್ನಬೇಡಿರಿ. ಆ ಘಟನೆಯ ಮರುದಿನ ಬೆಳಿಗ್ಗೆ ಅವನು ಬರುವನೋ ಇಲ್ಲವೋ ಎಂದು ನಾನು ಕಾದಿದ್ದೆ. ಎಲ್ಲರಿಗಿಂತ ಮೊದಲು ದೋಣಿಯಲ್ಲಿ ಕುಳಿತಿದ್ದನು. ಅಂದು 12 ಮೀಟರಿನಲ್ಲಿ 28 ನಿಮಿಷ ಇದ್ದೆವು. ಆಮೆ ಕಾಣಿಸಲಿಲ್ಲ, ಹಳದಿ ಪಟ್ಟೆಯ ಸಣ್ಣ ಮೀನುಗಳು ಹಿಂಡುಹಿಂಡಾಗಿ ಬಂದು ನಮ್ಮ ಮುಖವಾಡದೊಳಗೆ ಇಣಿಕಿ ಹೋದವು. ಅವನು ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು, ಐದೈದು ನಿಮಿಷಕ್ಕೊಮ್ಮೆ ನಾನು ಕೇಳುವ ಮೊದಲೇ ತಾನೇ ಎರಡು ಬೆರಳುಗಳನ್ನು ಅಂಗೈಯ ಮೇಲಿಟ್ಟು ನನ್ನನ್ನು ಕೇಳುತ್ತಿದ್ದನು. ಮೇಲೆ ಬಂದಾಗ ಅವನ ಮುಳ್ಳು 65ರಲ್ಲಿತ್ತು.